ಚಿಕ್ಕ ಹವಳದ ಟ್ಯಾಂಕ್ ಕೈಕೊಟ್ಟಾಗ: ಮೊದಲು ಏನು ನೋಡಬೇಕು

ಹವಳ ಮುದುಡಿಕೊಂಡಿದೆ. ಮರಳಿನ ಮೇಲೆ ಕಂದು ಪದರ ಕೂತಿದೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದೆ. ಇಂಥದ್ದು ಏನೇ ಕಂಡರೂ ಮೊದಲು ಟ್ಯಾಂಕಿಗೆ ಏನನ್ನೂ ಹಾಕಬೇಡಿ. ಬಾಟಲಿ ಔಷಧಿ ಬೇಡ, ಬ್ಯಾಕ್ಟೀರಿಯಾ ದ್ರಾವಣ ಬೇಡ, "ಇದೊಂದು ಹಾಕಿ ಸಾರ್, ಎಲ್ಲ ಸರಿಹೋಗುತ್ತೆ" ಎಂದು ಅಂಗಡಿಯಲ್ಲಿ ಕೊಡುವ ಪುಡಿಯಂತೂ ಬೇಡವೇ ಬೇಡ. ದೊಡ್ಡ ಟ್ಯಾಂಕಿನಲ್ಲಿ ತಪ್ಪು ಔಷಧಿ ನೀರಿನಲ್ಲಿ ಕರಗಿ ಹೋಗಬಹುದು. ಚಿಕ್ಕದರಲ್ಲಿ ಅದೇ ಎರಡನೇ ರೋಗವಾಗುತ್ತದೆ.

ನಾನು ಇಲ್ಲಿ ಹೇಳುತ್ತಿರುವುದು ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನ ಬಗ್ಗೆ. ಲೆಕ್ಕಕ್ಕೆ ಸುಮಾರು 40 ಲೀಟರ್. ಕಲ್ಲು, ಮರಳು ಹಾಕಿದ ಮೇಲೆ ನಿಜವಾಗಿ ಇರುವ ನೀರು 34 ಲೀಟರ್ ಆಸುಪಾಸು. ಏನನ್ನೇ ಅಳೆದು ಹಾಕುವುದಾದರೂ ಈ 34ರ ಲೆಕ್ಕದಲ್ಲಿ ಹಾಕಿ, 40ರ ಲೆಕ್ಕದಲ್ಲಲ್ಲ. ಒಳಗೆ ಮಶ್ರೂಮ್, ಝೋವಾಂತಿಡ್, ಲೆದರ್, ಗ್ರೀನ್ ಸ್ಟಾರ್ ಪಾಲಿಪ್ ತರದ ಮೆತ್ತನೆ ಹವಳಗಳು, ಒಂದು ಜೋಡಿ ಕ್ಲೌನ್ ಮೀನು, ನಾಲ್ಕೈದು ಬಸವನಹುಳು, ಒಂದು ಸೀಗಡಿ. ಯಂತ್ರ ಅಂದರೆ ಒಂದು ಫಿಲ್ಟರ್, ನೀರನ್ನು ಓಡಾಡಿಸುವ ಒಂದು ವೇವ್‌ಮೇಕರ್, ಹೀಟರ್, ಲೈಟು. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಾವಣೆ. ಮೆತ್ತನೆ ಹವಳಗಳು ಕ್ಯಾಲ್ಸಿಯಂ ತಿನ್ನುವುದು ತುಂಬ ಕಡಿಮೆ. ಹಾಗಾಗಿ ದಿನಾ ಡೋಸಿಂಗ್ ಮಾಡುವ, ಅಂದರೆ ಖನಿಜ ಅಳೆದು ಹಾಕುವ ತಲೆನೋವಿಲ್ಲ. ಕೆಡುವ ದಾರಿಗಳೂ ಕಡಿಮೆಯೇ, ಅದಕ್ಕೇ ಹುಡುಕುವುದೂ ಸುಲಭ.

ಯಾರಿಗೆ ಮೊದಲು ತೊಂದರೆಯಾಯಿತು?

ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಎಲ್ಲವೂ ಒಟ್ಟಿಗೆ ಸೊರಗಿದ್ದರೆ, ಅಂದರೆ ಹವಳ ಮುದುಡಿ, ಮೀನು ಮಂಕಾಗಿ, ಬಸವನಹುಳು ಗಾಜು ಬಿಟ್ಟು ಕೆಳಗೆ ಬಿದ್ದಿದ್ದರೆ, ಉಪ್ಪಿನಂಶ, ಬಿಸಿ, ಅಮೋನಿಯಾ ಈ ಮೂರನ್ನು ನೋಡಿ. ಸೀಗಡಿ ಮತ್ತು ಬಸವನಹುಳು ಮೊದಲು ಸತ್ತು ಮೀನು ಮಾತ್ರ ಆರಾಮಾಗಿ ಓಡಾಡುತ್ತಿದ್ದರೆ ತಾಮ್ರ ಅಥವಾ ಕೀಟನಾಶಕದ ಅನುಮಾನ ಪಡಿ. ಮೀನು ಒದ್ದಾಡುತ್ತಿದೆ, ಹವಳ ಎಂದಿನಂತೆ ಅರಳಿದೆ ಅಂದರೆ ಆಮ್ಲಜನಕದ ಕೊರತೆ ಇಲ್ಲವೇ ಮೀನಿನದೇ ಕಾಯಿಲೆ. ಒಂದೇ ಒಂದು ಹವಳ ಮುದುಡಿದೆ, ಪಕ್ಕದ್ದೆಲ್ಲ ಚೆನ್ನಾಗಿದೆ ಅಂದರೆ ನೀರಿನ ಮೇಲೆ ಅನುಮಾನ ಬೇಡ, ಆ ಜಾಗದ ಮೇಲೆ ಪಡಿ. ಇದು ನೂರಕ್ಕೆ ನೂರು ಹೊಂದುವ ನಿಯಮವಲ್ಲ, ಆದರೆ ಯಾವ ಕಡೆಯಿಂದ ಶುರು ಮಾಡಬೇಕು ಎಂದು ತೋರಿಸುತ್ತದೆ.

ಜೊತೆಗೆ, ಹಿಂದಿನ ಎರಡು ವಾರದಲ್ಲಿ ಮನೆಯಲ್ಲಿ ಏನು ಬದಲಾಗಿದೆ ಎಂದು ಬರೆದುಕೊಳ್ಳಿ. ಕಡಲನೀರು ಕಲಸುವ ಉಪ್ಪಿನ ಹೊಸ ಪ್ಯಾಕೆಟ್ ಒಡೆದಿರಾ? ಗೋಡೆಗೆ ಪೇಂಟ್ ಮಾಡಿಸಿದಿರಾ? ಊರಿಗೆ ಹೋದಾಗ ಮೀನಿಗೆ ಊಟ ಹಾಕಲು ಯಾರಿಗಾದರೂ ಹೇಳಿದ್ದಿರಾ? ಮನೆಯವರನ್ನೂ ಕೇಳಿ. ನಿಮಗೆ ಗೊತ್ತಿಲ್ಲದ ಸಂಗತಿ ಅವರಿಗೆ ಗೊತ್ತಿರುತ್ತದೆ.

ಉಪ್ಪಿನಂಶ, ಮತ್ತು ಅದನ್ನು ಅಳೆಯುವ ಸಾಧನ

ಆವಿಯಾಗುವುದು ನೀರು ಮಾತ್ರ. ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. 34 ಲೀಟರಿನಲ್ಲಿ 2 ಲೀಟರ್ ಆವಿಯಾದರೆ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು) ಇದ್ದದ್ದು 37 ದಾಟುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿದ್ದರೆ ಎರಡೇ ದಿನಕ್ಕೆ ಅಷ್ಟು ನೀರು ಹೋಗಬಹುದು. ಅದಕ್ಕೇ ಗಾಜಿನ ಹೊರಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಟ್ಟುಕೊಂಡು ದಿನಾ ಆ ಗೆರೆವರೆಗೆ ಶುದ್ಧ ನೀರು ತುಂಬಿಸಬೇಕು. ಉಪ್ಪುನೀರು ಅಲ್ಲ, ಸಿಹಿನೀರು. ಹೊಸಬರ ಟ್ಯಾಂಕಿನಲ್ಲಿ ನಾನು ಮೊದಲು ಕೇಳುವುದೇ ಇದನ್ನು.

ಆದರೆ ಮೀಟರ್ ತೋರಿಸಿದ ಅಂಕಿಯನ್ನು ನಂಬುವ ಮೊದಲು ಮೀಟರನ್ನೇ ಪರೀಕ್ಷಿಸಿ. ಮುಳ್ಳಾಡುವ ಪ್ಲಾಸ್ಟಿಕ್ ಹೈಡ್ರೋಮೀಟರಿನಲ್ಲಿ ಒಂದು ಗುಳ್ಳೆ ಅಂಟಿಕೊಂಡರೂ ಓದು ತಪ್ಪುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಒಳ್ಳೆಯದು, ಆದರೆ ಅದನ್ನು ಸಿಹಿನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು. ಅಗ್ಗದ ಎಷ್ಟೋ ರಿಫ್ರಾಕ್ಟೋಮೀಟರುಗಳು ಬರೀ ಅಡುಗೆ ಉಪ್ಪು ಕರಗಿಸಿದ ನೀರಿಗೆ ಮಾಡಿದವು, ಕಡಲನೀರಿಗಲ್ಲ, ಹಾಗಾಗಿ ಸೊನ್ನೆಯಲ್ಲಿ ಸರಿ ಇದ್ದರೂ 35ರ ಹತ್ತಿರ ತಪ್ಪು ತೋರಿಸುತ್ತವೆ. 35ರ ದ್ರಾವಣ ಕೊಂಡು ತರಬಹುದು, ಇಲ್ಲವೇ ಮನೆಯಲ್ಲೇ ಮಾಡಿಕೊಳ್ಳಬಹುದು: ಅಯೋಡಿನ್ ಸೇರಿಸದ ಶುದ್ಧ ಉಪ್ಪು 36.5 ಗ್ರಾಂ, ಶುದ್ಧ ನೀರು 963.5 ಗ್ರಾಂ. ಎರಡನ್ನೂ ತೂಕ ಮಾಡಿ ಹಾಕಿ. ರಿಫ್ರಾಕ್ಟೋಮೀಟರಿನಲ್ಲಿ ಇದು 35 ಪಿಪಿಟಿ ಕಡಲನೀರಿನಂತೆಯೇ ಕಾಣುತ್ತದೆ. ವಿದ್ಯುತ್ ವಾಹಕತೆ ಅಳೆಯುವ ಪೆನ್ ಮೀಟರಿಗೆ ಮಾತ್ರ ಈ ದ್ರಾವಣ ಹೊಂದುವುದಿಲ್ಲ.

ಉಪ್ಪು ನಿಜಕ್ಕೂ ಜಾಸ್ತಿಯಾಗಿದ್ದರೆ ಒಂದೇ ಸಲಕ್ಕೆ ಇಳಿಸಬೇಡಿ. ದಿನಕ್ಕೆ ಒಂದು ಪಿಪಿಟಿ ಸಾಕು. ನೀರು ಗೆರೆಗಿಂತ ಕೆಳಗಿದ್ದರೆ ಸ್ವಲ್ಪ ಸ್ವಲ್ಪವೇ ಸಿಹಿನೀರು ತುಂಬಿಸಿ. ಗೆರೆಯಲ್ಲೇ ಇದ್ದು ಉಪ್ಪು ಜಾಸ್ತಿಯಾಗಿದ್ದರೆ ದಿನಕ್ಕೊಂದು ಲೀಟರ್ ಟ್ಯಾಂಕ್ ನೀರು ತೆಗೆದು ಅಷ್ಟೇ ಸಿಹಿನೀರು ಹಾಕಿ. ಕಡಿಮೆಯಾಗಿದ್ದರೆ ಇನ್ನೂ ಸುಲಭ, ಕೆಲವು ದಿನ ಆವಿಯಾದ ಜಾಗಕ್ಕೆ ಸಿಹಿನೀರಿನ ಬದಲು ಉಪ್ಪುನೀರು ಹಾಕುತ್ತಾ ಬನ್ನಿ.

ತುಂಬಿಸುವ ನೀರು ಎಲ್ಲಿಂದ ಬರುತ್ತಿದೆ

ನಮ್ಮ ಕಡೆ ಅರ್ಧಕ್ಕರ್ಧ ತೊಂದರೆಗಳ ಬೇರು ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಬೋರ್‌ವೆಲ್ ನೀರು ನೇರವಾಗಿ ಆಗದು. ನಲ್ಲಿ ನೀರಿನಲ್ಲಿ ಕ್ಲೋರಿನ್. ಹಾಗಾಗಿ ಎಲ್ಲರೂ ಅಡುಗೆಮನೆಯ ಆರ್‌ಒ ನೀರನ್ನು ಹಿಡಿಯುತ್ತಾರೆ. ಆದರೆ ಕುಡಿಯುವ ನೀರಿನ ಆರ್‌ಒ ಯಂತ್ರಗಳಲ್ಲಿ ರುಚಿಗೆಂದು ಖನಿಜ ಸೇರಿಸುತ್ತಾರೆ, ಇಲ್ಲವೇ ಒಂದಿಷ್ಟು ಶೋಧಿಸದ ನೀರನ್ನೇ ಬೆರೆಸುತ್ತಾರೆ. ನೀರಿನಲ್ಲಿ ಕರಗಿದ ಖನಿಜ ಅಳೆಯುವ ಟಿಡಿಎಸ್ ಮೀಟರ್ ಹಿಡಿದು ನೋಡಿ, 50, 80, 100 ಹೀಗೆ ಏನೋ ತೋರಿಸುತ್ತದೆ. ನಮಗೆ ಬೇಕಾಗಿರುವುದು ಸೊನ್ನೆ.

ಅದಕ್ಕಿಂತ ದೊಡ್ಡ ಅಪಾಯ ತಾಮ್ರದ್ದು. ಈಗ ಬರುವ ಎಷ್ಟೋ ಯಂತ್ರಗಳಲ್ಲಿ ನೀರಿಗೆ ತಾಮ್ರ ಸೇರಿಸುವ ಕಾರ್ಟ್ರಿಡ್ಜ್ ಇರುತ್ತದೆ. ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳಿ ಮಾರುತ್ತಾರೆ. ಸೀಗಡಿ, ಬಸವನಹುಳು, ಹವಳಕ್ಕೆ ಅದು ವಿಷ. ದಿನಾ ಅರ್ಧ ಲೀಟರ್ ತುಂಬಿಸುತ್ತೀರಿ, ನೀರು ಆವಿಯಾಗುತ್ತದೆ, ತಾಮ್ರ ಹೋಗುವುದಿಲ್ಲ. ಮೊದಮೊದಲು ಏನೂ ಕಾಣುವುದಿಲ್ಲ, ಆಮೇಲೆ ಒಂದು ದಿನ ಹುಳುಗಳು ಸಾಲಾಗಿ ಸಾಯಲು ಶುರುವಾಗುತ್ತವೆ, ಮೀನು ಮಾತ್ರ ಏನೂ ಆಗದವರ ಹಾಗೆ ಇರುತ್ತದೆ. ನೀರನ್ನು ತಾಮ್ರದ ಬಿಂದಿಗೆಯಲ್ಲೋ ಹಂಡೆಯಲ್ಲೋ ತುಂಬಿಟ್ಟರೂ ಇದೇ ಗತಿ. ಯಂತ್ರದ ಮೇಲೆ ಏನು ಬರೆದಿದೆ ಎಂದು ಇವತ್ತೇ ಓದಿ ನೋಡಿ. ಅನುಮಾನ ಬಂದರೆ ನೀರಿನ ಮೂಲ ಬದಲಿಸಿ, ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೀರು ಬದಲಿಸುತ್ತಾ ಬನ್ನಿ.

ಸರಿಯಾದ ಉಪಾಯ ಅಂದರೆ ಖನಿಜ ಸೇರಿಸದ ಆರ್‌ಒ, ಅದರಿಂದ ಹೊರಬಂದ ನೀರಿಗೆ ಒಂದು ಡಿಐ ರೆಸಿನ್ ಡಬ್ಬಿ (ಉಳಿದ ಖನಿಜವನ್ನೂ ಹಿಡಿಯುವ ರಾಳದ ಹರಳು). ಇಲ್ಲೂ ಒಂದು ಸೂಕ್ಷ್ಮವಿದೆ. ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ತಪ್ಪಿಸಿಕೊಂಡು ಬರುವುದರಲ್ಲಿ ಸಿಲಿಕೇಟ್ ಇರುತ್ತದೆ, ಮತ್ತು ಟಿಡಿಎಸ್ ಮೀಟರ್ ಅದನ್ನು ಹಿಡಿಯುವುದಿಲ್ಲ. ಮೀಟರ್ ಸೊನ್ನೆ ತೋರಿಸುತ್ತಿದ್ದರೂ ಹಳೆಯ ಟ್ಯಾಂಕಿನಲ್ಲಿ ಸಿಲಿಕೇಟ್ ತಿಂದು ಬೆಳೆಯುವ ಕಂದು ಪುಡಿ ಮತ್ತೆ ಕಾಣಿಸಿಕೊಂಡರೆ ರೆಸಿನ್ ಬದಲಿಸಿ.

ಕರಾವಳಿಯವರು ಕೇಳುವ ಪ್ರಶ್ನೆ ಬೇರೆ: ಕಡಲು ಪಕ್ಕದಲ್ಲೇ ಇದೆ, ಪಣಂಬೂರಿನಿಂದಲೋ ಮಲ್ಪೆಯಿಂದಲೋ ನೀರು ತರಬಾರದಾ? ದಡದ ನೀರನ್ನು ನಾನು ಒಪ್ಪುವುದಿಲ್ಲ. ಹತ್ತಿರದಲ್ಲೇ ಬಂದರು, ದೋಣಿ, ಎಣ್ಣೆ. ಮಳೆಗಾಲದಲ್ಲಂತೂ ನದಿಗಳ ಸಿಹಿನೀರು, ಕೆಸರು ಎಲ್ಲ ಬಂದು ಸೇರಿ ಉಪ್ಪಿನಂಶವೇ ಬಿದ್ದುಹೋಗಿರುತ್ತದೆ. ಪ್ಯಾಕೆಟ್ ಉಪ್ಪು ದುಬಾರಿಯಾದರೂ ವಾರಕ್ಕೆ ಬೇಕಾಗುವುದು ಮೂರೂವರೆ ಲೀಟರಿಗೆ ಸಾಲುವಷ್ಟು, ಅಷ್ಟೇ ಅಲ್ವಾ.

ಬಿಸಿ

24ರಿಂದ 27 ಡಿಗ್ರಿ ಒಳ್ಳೆಯದು. 29 ದಾಟಿದರೆ ಎಚ್ಚರ. ದಿನದಲ್ಲಿ ಒಂದೇ ಸಲ ನೋಡಿದರೆ ತಿಳಿಯುವುದಿಲ್ಲ, ಮಧ್ಯಾಹ್ನ ಮೂರಕ್ಕೆ ಒಮ್ಮೆ, ಬೆಳಗಿನ ಜಾವ ಒಮ್ಮೆ ನೋಡಿ. ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ, ಆದರೆ ಅದು ಕೆಲಸ ಮಾಡುವುದು ನೀರು ಆವಿಯಾಗುವುದರಿಂದ. ಬೆಂಗಳೂರು, ಕಲಬುರಗಿ, ರಾಯಚೂರಿನ ಒಣ ಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ, ನೀರು ಮಾತ್ರ ಬೇಗ ಇಳಿಯುತ್ತದೆ. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಅದೇ ಫ್ಯಾನಿನಿಂದ ಅಷ್ಟು ಪ್ರಯೋಜನ ಸಿಗುವುದಿಲ್ಲ. ಅಲ್ಲಿ ಟ್ಯಾಂಕನ್ನು ತಂಪು ಕೋಣೆಗೆ ಸರಿಸಬೇಕು, ಲೈಟನ್ನು ಸಂಜೆಯಿಂದ ಉರಿಸಬೇಕು, ಆಗದಿದ್ದರೆ ಚಿಲ್ಲರ್. ಐಸ್ ತುಂಡು ಹಾಕುವುದು ಬೇಡ, ಒಮ್ಮೆಲೇ ಇಳಿದರೆ ಅದೂ ಪೆಟ್ಟೇ.

ಹೀಟರ್ ಕೆಟ್ಟಾಗ ಬಹಳ ಸಲ ಆನ್ ಆಗಿಯೇ ನಿಂತುಬಿಡುತ್ತದೆ. ಕೋಣೆ ತಣ್ಣಗಿದ್ದು ನೀರು 30 ತೋರಿಸಿದರೆ ಫ್ಯಾನ್ ಹುಡುಕುವ ಮೊದಲು ಹೀಟರಿನ ಪ್ಲಗ್ ತೆಗೆಯಿರಿ.

ಅಮೋನಿಯಾ

ಟ್ಯಾಂಕ್ ತಿಂಗಳುಗಟ್ಟಲೆ ನಡೆದಿದ್ದರೆ ಅಮೋನಿಯಾ ಸೊನ್ನೆ ಇರಬೇಕು. ಕಿಟ್ ಸ್ವಲ್ಪ ಹಸಿರು ತೋರಿಸಿತು ಎಂದು ಗಾಬರಿಯಾಗುವ ಮುನ್ನ, ಈಗಷ್ಟೇ ಕಲಸಿದ ಹೊಸ ಉಪ್ಪುನೀರನ್ನೂ ಅದೇ ಕಿಟ್‌ನಲ್ಲಿ ಪರೀಕ್ಷಿಸಿ. ಎರಡರ ಬಣ್ಣವೂ ಒಂದೇ ಆದರೆ ದೋಷ ಟ್ಯಾಂಕಿನದಲ್ಲ. ಟ್ಯಾಂಕಿನ ಬಣ್ಣ ಗಾಢವಾಗಿದ್ದರೆ ಏನೋ ಸತ್ತಿದೆ ಎಂದೇ ಅರ್ಥ. ಮೀನು, ಹುಳು ಎಲ್ಲ ಎಣಿಸಿ. ಅಲ್ಲಾಡದ ಹುಳುವನ್ನು ಎತ್ತಿ ಮೂಸಿ, ಸತ್ತಿದ್ದರೆ ಆ ವಾಸನೆ ತಪ್ಪದು. ಇಷ್ಟು ಚಿಕ್ಕ ಟ್ಯಾಂಕಿನಲ್ಲಿ ಒಂದು ದಪ್ಪ ಹುಳು ಕೊಳೆತರೂ ಸಾಕು. ಕಡಲನೀರಿನ ಪಿಎಚ್ 8ರ ಮೇಲಿರುವುದರಿಂದ ಅಮೋನಿಯಾ ಇಲ್ಲಿ ಸಿಹಿನೀರಿಗಿಂತ ಹೆಚ್ಚು ವಿಷವಾಗುತ್ತದೆ. ಹಾಗಾಗಿ ಇದೊಂದು ಸಂದರ್ಭದಲ್ಲಿ ಮಾತ್ರ ನಿಧಾನ ಬೇಡ. ಸತ್ತದ್ದನ್ನು ತೆಗೆದು, ಉಪ್ಪು ಮತ್ತು ಬಿಸಿ ಹೊಂದಿಸಿದ ನೀರಿನಿಂದ ಕಾಲು ಭಾಗ ತಕ್ಷಣ ಬದಲಿಸಿ.

ಕಂದು, ಕೆಂಪು, ಹಸಿರು

ಕಂದು ಎಂದರೆಲ್ಲ ಒಂದೇ ಅಲ್ಲ. ಇಲ್ಲಿ ಗುರುತು ತಪ್ಪಿದರೆ ಚಿಕಿತ್ಸೆ ಪೂರ್ತಿ ಉಲ್ಟಾ ಆಗುತ್ತದೆ, ಅದಕ್ಕೆ ಸ್ವಲ್ಪ ಹೊತ್ತು ಇಲ್ಲಿ ನಿಲ್ಲೋಣ.

ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಪುಡಿಯಂತೆ ಇರುತ್ತದೆ. ಕೈ ಆಡಿಸಿದರೆ ಹಾರಿ ಹೋಗುತ್ತದೆ, ಹುಳುಗಳು ಖುಷಿಯಾಗಿ ತಿನ್ನುತ್ತವೆ. ಹೊಸ ಟ್ಯಾಂಕಿನ ಮೊದಲ ಒಂದೆರಡು ತಿಂಗಳಲ್ಲಿ ಬಂದೇ ಬರುತ್ತದೆ, ತಾನೇ ಹೋಗುತ್ತದೆ. ಸುಮ್ನೆ ಬಿಡಿ.

ಸಯನೋಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕಡುಗೆಂಪು ಇಲ್ಲವೇ ನೇರಳೆ ಬಣ್ಣ. ಹಾಳೆಯಾಗಿ ಎದ್ದು ಬರುತ್ತದೆ. ನೀರಿನ ಓಟ ಕಡಿಮೆ ಇರುವ ಮೂಲೆಯಲ್ಲಿ ಶುರುವಾಗುತ್ತದೆ. ಸಣ್ಣ ಪೈಪಿನಿಂದ ಎಳೆದು ತೆಗೆಯಿರಿ, ವೇವ್‌ಮೇಕರಿನ ಮುಖ ಆ ಕಡೆ ತಿರುಗಿಸಿ, ಊಟ ಕಡಿಮೆ ಮಾಡಿ. ಆಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ಹಾಕಿ ಎಂಬ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ. ದಯವಿಟ್ಟು ಹಾಕಬೇಡಿ. ಟ್ಯಾಂಕನ್ನು ನಡೆಸುತ್ತಿರುವುದೇ ಒಳ್ಳೆಯ ಬ್ಯಾಕ್ಟೀರಿಯಾ, ಅದಕ್ಕೂ ಏಟು ಬೀಳುತ್ತದೆ.

ಮೂರನೆಯದು ಡೈನೋಫ್ಲಾಜೆಲೇಟ್, ಚುಟುಕಾಗಿ ಡೈನೋ, ಎಂಬ ಸೂಕ್ಷ್ಮಜೀವಿ. ಕಂದು ಬಣ್ಣದ ಲೋಳೆ, ಮೂಗಿನ ಸಿಂಬಳದ ಹಾಗೆ ಎಳೆ ಎಳೆಯಾಗಿ ತೂಗುತ್ತದೆ, ಎಳೆಯ ತುದಿಯಲ್ಲಿ ಗುಳ್ಳೆ. ಬೆಳಿಗ್ಗೆ ಕಡಿಮೆ, ಸಂಜೆಗೆ ಜಾಸ್ತಿ. ಇದನ್ನು ತಿಂದ ಹುಳುಗಳು ಸಾಯುವುದೂ ಉಂಟು. ಖಚಿತ ಮಾಡಿಕೊಳ್ಳಲು, ಸ್ವಲ್ಪ ಲೋಳೆಯನ್ನು ಟ್ಯಾಂಕ್ ನೀರಿನ ಜೊತೆ ಬಾಟಲಿಯಲ್ಲಿ ಹಾಕಿ ಜೋರಾಗಿ ಕುಲುಕಿ, ದಪ್ಪ ಟಿಶ್ಯೂ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಡಿ ಒಂದು ಗಂಟೆ ಇಡಿ. ಮತ್ತೆ ಎಳೆ ಕಟ್ಟಿಕೊಂಡರೆ ಅದು ಡೈನೋ.

ಇದು ಸಾಮಾನ್ಯವಾಗಿ ಬರುವುದು ನೀರು ಕೊಳಕಾದಾಗ ಅಲ್ಲ, ವಿಪರೀತ ಚೊಕ್ಕವಾದಾಗ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ ಆದ ಟ್ಯಾಂಕಿನಲ್ಲಿ ಪೈಪೋಟಿ ಕೊಡುವ ಪಾಚಿ, ಬ್ಯಾಕ್ಟೀರಿಯಾ ಹಸಿವಿನಿಂದ ಸೊರಗುತ್ತವೆ, ಜಾಗ ಡೈನೋಗೆ ಸಿಗುತ್ತದೆ. ನಾವೋ ಕಂದು ಕಂಡ ತಕ್ಷಣ ನೀರು ಬದಲಿಸುತ್ತೇವೆ, ಫಾಸ್ಫೇಟ್ ಹೀರುವ ಪುಡಿ ಹಾಕುತ್ತೇವೆ. ಅದು ಇನ್ನೂ ಹಬ್ಬುತ್ತದೆ. ಮಾಡಬೇಕಾದ್ದು ತದ್ವಿರುದ್ಧ: ಆ ಪುಡಿ ತೆಗೆಯಿರಿ, ಕೆಲವು ವಾರ ನೀರು ಬದಲಾವಣೆ ನಿಲ್ಲಿಸಿ, ಊಟ ಸ್ವಲ್ಪ ಹೆಚ್ಚಿಸಿ ನೈಟ್ರೇಟನ್ನು 5ರಿಂದ 10 ಪಿಪಿಎಂ ಮಟ್ಟಕ್ಕೆ, ಫಾಸ್ಫೇಟನ್ನು 0.05ರಿಂದ 0.1 ಪಿಪಿಎಂ ಮಟ್ಟಕ್ಕೆ ತನ್ನಿ. ಮಕ್ಕಳ ಮೈಕ್ರೋಸ್ಕೋಪ್ ಮನೆಯಲ್ಲಿದ್ದರೆ ಒಂದು ಹನಿ ಇಟ್ಟು ನೋಡಿ. ಆಸ್ಟ್ರಿಯೋಪ್ಸಿಸ್ ಜಾತಿಯದು ರಾತ್ರಿ ನೀರಿಗೆ ಏಳುತ್ತದೆ, ಹಾಗಾಗಿ ಯುವಿ ದೀಪ ಮತ್ತು ಮೂರು ದಿನದ ಕತ್ತಲೆ ಅದರ ಮೇಲೆ ಚೆನ್ನಾಗಿ ನಡೆಯುತ್ತದೆ. ಆಂಫಿಡಿನಿಯಂ ಮರಳಿನಲ್ಲೇ ಅಡಗಿರುತ್ತದೆ, ಅದಕ್ಕೆ ಯುವಿ ಸುಮ್ಮನೆ ಖರ್ಚು.

ಹಸಿರು ಕೂದಲು ಪಾಚಿಯ ಕಥೆ ಸರಳ: ಊಟ ಜಾಸ್ತಿ, ಬೆಳಕು ಜಾಸ್ತಿ. "ಟೆಸ್ಟ್‌ನಲ್ಲಿ ಫಾಸ್ಫೇಟ್ ಸೊನ್ನೆ ಬರ್ತಿದೆ, ಆದ್ರೂ ಪಾಚಿ ಯಾಕೆ" ಎಂದು ಕೇಳುತ್ತಾರೆ. ಬಂದದ್ದನ್ನೆಲ್ಲ ಪಾಚಿಯೇ ತಿಂದಿದೆ, ನೀರಿನಲ್ಲಿ ಉಳಿಯಲು ಏನಿದೆ? ಕೈಯಿಂದ ಕಿತ್ತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಲೈಟು ಉರಿಯುವ ಹೊತ್ತನ್ನು ದಿನಕ್ಕೆ ಎಂಟು ಗಂಟೆಗೆ ಇಳಿಸಿ. ಮೀನಿಗೆ ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಊಟ.

ಒಂದೇ ಹವಳ ಮುದುಡಿದ್ದರೆ

ಲೆದರ್ ಹವಳ ಆಗಾಗ ಮೇಣದಂಥ ಪೊರೆ ಕಟ್ಟಿಕೊಂಡು ಕೆಲವು ದಿನ ಮುಚ್ಚಿರುತ್ತದೆ, ಪೊರೆ ಕಳಚಿ ಮತ್ತೆ ಅರಳುತ್ತದೆ. ಅದು ಕಾಯಿಲೆಯಲ್ಲ. ಉಳಿದವಕ್ಕಾದರೆ ನೀರಿನ ಓಟ ನೇರವಾಗಿ ಹೊಡೆಯುತ್ತಿದೆಯಾ, ಹುಳು ಮೇಲೆ ಹತ್ತಿ ಕೂರುತ್ತಿದೆಯಾ, ಪಕ್ಕದ ಹವಳ ತಾಗುತ್ತಿದೆಯಾ ನೋಡಿ. ಜಾಗ ಬದಲಿಸಿದರೆ ಕನಿಷ್ಠ ಒಂದು ವಾರ ಮತ್ತೆ ಮುಟ್ಟಬೇಡಿ.

ಝೋವಾಂತಿಡ್ ಮುಟ್ಟುವಾಗ ಕೈಗವಸು, ಕನ್ನಡಕ ಇರಲಿ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಅವು ಅಂಟಿಕೊಂಡ ಕಲ್ಲನ್ನು ಸ್ವಚ್ಛ ಮಾಡಲೆಂದು ಎಂದಿಗೂ ಕುದಿಸಬೇಡಿ. ಆ ಹಬೆ ಉಸಿರಾಡಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ.

ಒಂದು ಹವಳ ಹೋಯಿತು ಎಂದು ನೇತ್ರಾಣಿ ಕಡೆಯಿಂದಲೋ ಬೇರೆ ಕಡಲಿನಿಂದಲೋ ಕಿತ್ತು ತಂದದ್ದನ್ನು ಕೊಳ್ಳಬೇಡಿ. ಬಂಡೆ ಕಟ್ಟುವ ಗಟ್ಟಿ ಹವಳಗಳು, ಕಡಲ ಬೀಸಣಿಗೆ ಇವೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿವೆ. ಟ್ಯಾಂಕಿನೊಳಗೆ ಇಡುವ ಕಲ್ಲಿಗೂ ಸೆರಾಮಿಕ್‌ನದೇ ಸಾಕು. ಕ್ಲೌನ್ ಮೀನನ್ನು ಸಾಕಿ ಮರಿ ಮಾಡುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ, ಅಂಥ ಸಾಕಿದ ಮರಿಗಳನ್ನೇ ಕೇಳಿ ಕೊಳ್ಳಿ.

ಮೀನು ಮಾತ್ರ ಒದ್ದಾಡುತ್ತಿದ್ದರೆ

ಮೊದಲು ನೀರಿನ ಮೇಲ್ಮೈ ನೋಡಿ. ಅಲೆ ಏಳುತ್ತಿಲ್ಲ, ಎಣ್ಣೆಯಂಥ ಪೊರೆ ಕಟ್ಟಿದೆ ಅಂದರೆ ಗಾಳಿ ಒಳಗೆ ಹೋಗುತ್ತಿಲ್ಲ. 25 ಡಿಗ್ರಿಯ ಕಡಲನೀರಿನಲ್ಲಿ ಹಿಡಿಯುವುದೇ ಲೀಟರಿಗೆ 7 ಮಿಲಿಗ್ರಾಂಗಿಂತ ಕಡಿಮೆ ಆಮ್ಲಜನಕ, ಬಿಸಿ ಏರಿದಂತೆ ಅದೂ ಇಳಿಯುತ್ತದೆ. ವೇವ್‌ಮೇಕರನ್ನು ಮೇಲಕ್ಕೆ ತಿರುಗಿಸಿ ಒಂದು ಗಂಟೆ ಕಾಯಿರಿ. ಚೇತರಿಸಿಕೊಂಡರೆ ಉತ್ತರ ಸಿಕ್ಕಿತು.

ಚೇತರಿಸದಿದ್ದರೆ ಮೈ ನೋಡಿ. ಎಣಿಸಬಹುದಾದ ಬಿಳಿ ಹರಳುಗಳಿದ್ದರೆ ಇಕ್ ಎಂಬ ಪರಾವಲಂಬಿ ಕಾಯಿಲೆ. ಮೈತುಂಬ ಸಣ್ಣ ಪುಡಿ ಎರಚಿದಂತಿದ್ದು ಬೆಳಕಿನಿಂದ ಅಡಗುತ್ತಿದ್ದರೆ ವೆಲ್ವೆಟ್, ಅದು ಎರಡು ಮೂರು ದಿನದಲ್ಲೇ ಕೊಲ್ಲುತ್ತದೆ. ಔಷಧಿ ಬೇರೆ ಟಬ್ಬಿನಲ್ಲಿ ಕೊಡಬೇಕು. ಮೀನಿಗೆ ಕೊಡುವ ತಾಮ್ರದ ಔಷಧಿ ಹವಳದ ಟ್ಯಾಂಕಿಗೆ ಬಿದ್ದರೆ ಉಳಿದದ್ದೆಲ್ಲ ಹೋಗುತ್ತದೆ. ಇಕ್ ಆಗಿದ್ದರೆ ಟ್ಯಾಂಕಿನಲ್ಲಿ ಸುಮಾರು ಎರಡೂವರೆ ತಿಂಗಳು ಮೀನೇ ಇರಬಾರದು.

ಹುಳು, ಸೀಗಡಿ ಒಂದೇ ದಿನ ಸತ್ತಿದ್ದರೆ

ಸೊಳ್ಳೆ, ಜಿರಳೆ, ಇರುವೆಗೆ ಹೊಡೆಯುವ ಸ್ಪ್ರೇ. ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ, ಗಾಳಿಯಲ್ಲಿ ಇದ್ದದ್ದು ನೀರಿಗೂ ಬರುತ್ತದೆ. ನೆಲ ಒರೆಸಿದ ಫಿನಾಯಿಲ್ ಕೈ ಟ್ಯಾಂಕಿಗೆ ಇಳಿದರೂ ತೊಂದರೆ. ಕಾರ್ಬನ್ ಬದಲಿಸಿ, ಕಾಲು ಭಾಗ ನೀರು ಬದಲಿಸಿ, ಕಿಟಕಿ ತೆಗೆಯಿರಿ. ಮುಂದೆ ಆ ಕೋಣೆಯಲ್ಲಿ ಸ್ಪ್ರೇ ಹೊಡೆಯಬಾರದು ಎಂದು ಮನೆಯವರಿಗೆಲ್ಲ ಹೇಳಿಡಿ.

ನೀರು ಬೆಳ್ಳಗೆ ಮಬ್ಬಾಗಿದ್ದರೆ

ಏನಾದರೂ ಡೋಸ್ ಮಾಡಿದ ಗಂಟೆಯೊಳಗೆ ಆಗಿದ್ದರೆ ಕ್ಯಾಲ್ಸಿಯಂ ಕಾರ್ಬೋನೇಟ್ ಕೂತಿದೆ. ಆಲ್ಕಲಿನಿಟಿ (ನೀರಿನ ಕ್ಷಾರದ ಅಂಶ, ಡಿಕೆಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ) ಅಳೆಯಿರಿ, ಬಿದ್ದಿರುತ್ತದೆ. ಮೆತ್ತನೆ ಹವಳಕ್ಕೆ 8 ಡಿಕೆಎಚ್ ಸುತ್ತಮುತ್ತ ಇದ್ದರೆ ಸಾಕು. 34 ಲೀಟರಿಗೆ ಒಂದು ಗ್ರಾಂ ಅಡುಗೆ ಸೋಡಾ ಸುಮಾರು ಒಂದು ಡಿಕೆಎಚ್ ಏರಿಸುತ್ತದೆ. ಸಿಹಿನೀರಿನಲ್ಲಿ ಕರಗಿಸಿ ನಿಧಾನಕ್ಕೆ ಹಾಕಿ, ದಿನಕ್ಕೆ ಅಷ್ಟೇ. ಬೇಕಿಂಗ್ ಪೌಡರ್ ಬೇರೆ, ಅದನ್ನು ಹಾಕಬೇಡಿ. ಡೋಸ್ ಏನೂ ಮಾಡಿಲ್ಲ ಅಂದರೆ ಬ್ಯಾಕ್ಟೀರಿಯಾ ಏರಿದೆ. ಗಾಳಿ ಹೆಚ್ಚಿಸಿ, ಊಟ ನಿಲ್ಲಿಸಿ, ಒಂದೆರಡು ದಿನ ಕಾಯಿರಿ.

ಕರೆಂಟ್ ಹೋಗಿ ಬಂದ ಮೇಲೆ

ಕರೆಂಟ್ ಬಂದರೂ ವೇವ್‌ಮೇಕರ್ ತಿರುಗುತ್ತಿಲ್ಲ ಅಂದರೆ ಒಳಗಿನ ಚಕ್ರಕ್ಕೆ ಸುಣ್ಣ ಕಟ್ಟಿದೆ. ಬಿಚ್ಚಿ, ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ, ಉಜ್ಜಿ, ತೊಳೆದು ಹಾಕಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ವೇವ್‌ಮೇಕರ್ ಒಂದನ್ನು ಆ ಲೈನಿಗೆ ಕೊಡಿ, ಅದು ಎಳೆಯುವುದು ನಾಲ್ಕೈದು ವಾಟ್ ಅಷ್ಟೇ. ಇಲ್ಲದಿದ್ದರೆ ಒಂದೆರಡು ವಾಟಿನ ಯುಎಸ್‌ಬಿ ಏರ್ ಪಂಪು ತನ್ನಿ, 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ರಾತ್ರಿಯಿಡೀ ಓಡುತ್ತದೆ. ಪಂಪು ಟ್ಯಾಂಕಿಗಿಂತ ಕೆಳಗಿದ್ದರೆ ಪೈಪಿಗೆ ನೀರು ಹಿಂದೆ ಬರದಂತೆ ತಡೆಯುವ ವಾಲ್ವ್ ಹಾಕಲೇಬೇಕು.

ನೀರಿಗೆ ಕೈ ಹಾಕಿದಾಗ ಚುರುಕ್ ಅಂದರೆ ತಕ್ಷಣ ಕೈ ತೆಗೆದು ಮೇನ್ ಆಫ್ ಮಾಡಿ. ಆಮೇಲೆ ಎಲ್ಲ ಪ್ಲಗ್ ತೆಗೆದಿಟ್ಟು, ಬಿರುಕು ಬಿಟ್ಟ ಹೀಟರ್, ಉಪ್ಪು ಹಿಡಿದ ಪ್ಲಗ್, ಸವೆದ ವೈರ್ ಹುಡುಕಿ. ಕೆಟ್ಟದ್ದನ್ನು ಟೇಪ್ ಸುತ್ತಿ ಮತ್ತೆ ಬಳಸಬೇಡಿ, ಎಸೆಯಿರಿ. ಟ್ಯಾಂಕಿನ ಲೈನಿಗೆ, ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಪ್ರತಿ ವೈರ್ ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹತ್ತುವಂತಿರಲಿ, ಜಾರಿ ಬಂದ ಹನಿ ನೆಲಕ್ಕೆ ಬೀಳುತ್ತದೆ. ನೀರು ಬದಲಿಸುವ ಮೊದಲು ಹೀಟರ್ ಆಫ್ ಮಾಡಿ ಕಾಲು ಗಂಟೆ ಬಿಡಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಉಳಿದರೆ ಗಾಜು ಒಡೆಯುತ್ತದೆ.